ಏಳನೇ ಟೇಬಲಿನ ಹಗುರ ಉಂಗುರ

"ಇನ್ನೊಂದ್ಸಲ ಮಾಡು," ಎಂದರು ತಕ್ಕಡಿ ಮೇಡಂ.

"ಹನ್ನೊಂದು ಸಲ ಆಯ್ತಲ್ಲ ದೊಡ್ಡಮ್ಮ."

"ಡಜನ್ ಆಗ್ಲಿ. ಹನ್ನೊಂದಕ್ಕೆ ನಿಲ್ಲಿಸೋದು ನನಗೆ ಹಿಡಿಸಲ್ಲ."

ಜಾದೂಗಾರ ಕೋಟಿನ ತೋಳು ಕೊಡವಿಕೊಂಡು ಏಳನೇ ಟೇಬಲಿನ ಪಕ್ಕ ಮತ್ತೆ ನಿಂತ. ರೆಸ್ಟೋರೆಂಟಿನ ಬಾಗಿಲು ತೆರೆಯಲು ಇನ್ನೂ ಒಂದು ಗಂಟೆ ಇತ್ತು. ನೆಲ ಒರೆಸಿದ ತೇವ ಆರಿರಲಿಲ್ಲ. ಉಳಿದ ಕಡೆ ಕುರ್ಚಿಗಳೆಲ್ಲ ತಲೆಕೆಳಗಾಗಿ ಟೇಬಲುಗಳ ಮೇಲೇ ಇದ್ದವು. ಏಳನೆಯದರ ಸುತ್ತ ಮಾತ್ರ ಮೂರು ಕುರ್ಚಿ ಇಳಿಸಿ, ಹೋದ ಭಾನುವಾರ ಹೇಗಿದ್ದವೋ ಹಾಗೆ ಜೋಡಿಸಿದ್ದರು.

ಆ ಭಾನುವಾರ ಮಧ್ಯಾಹ್ನ ಹಲ್ಲಿನ ಡಾಕ್ಟರಮ್ಮ ಇಲ್ಲಿ ಕೂತು ತಮ್ಮ ಹಸಿರು ಕಲ್ಲಿನ ಚಿನ್ನದ ಉಂಗುರವನ್ನು ಜಾದೂಗೆಂದು ಬಿಚ್ಚಿ ಕೊಟ್ಟಿದ್ದರು. ಉಂಗುರ ಮಾಯವಾಗಿ ಮರಳಿ ಬಂದಿತ್ತು. ಬುಧವಾರ ಆಭರಣದ ಅಂಗಡಿಯವನು ಅದು ನಕಲಿ ಎಂದಿದ್ದ.

ಇಂದು ಶನಿವಾರ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಜಾದೂಗಾರ ಪೊಲೀಸ್ ಸ್ಟೇಷನ್ನಿನಲ್ಲಿ ಇರಬೇಕು. ಅಲ್ಲಿ ದೂರು ಬರೆದುಕೊಂಡರೆಂದರೆ ಅವನ ಕಸುಬು ಮುಗಿದ ಹಾಗೆ. ಊಟದ ಟೇಬಲಿನ ಪಕ್ಕ ನಿಂತು ಜಾದೂ ಮಾಡುವವನು ಮಂದಿಯಿಂದ ಉಂಗುರ, ಗಡಿಯಾರ, ಪೆನ್ನು ಕೇಳಿ ಪಡೆದೇ ಬದುಕಬೇಕು. ಉಂಗುರ ಹೊಡೆದ ಎಂಬ ಮಾತು ಒಮ್ಮೆ ಅಂಟಿಕೊಂಡರೆ ಆಮೇಲೆ ಅವನ ಕೈಗೆ ಯಾರೂ ಒಂದು ಕರವಸ್ತ್ರವನ್ನೂ ಕೊಡುವುದಿಲ್ಲ.

ಇವನು ತಕ್ಕಡಿ ಮೇಡಂ ಅವರ ತಂಗಿಯ ಮಗ. ಮೇಡಂ ತೂಕ ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ಅಂಗಡಿ ಅಂಗಡಿ ಹತ್ತಿಳಿದು ಕಳ್ಳ ತೂಕದ ಬಟ್ಟುಗಳನ್ನು ಹಿಡಿದವರು. ನಿವೃತ್ತಿಯಾದರೂ ಹೆಸರು ಬಿಟ್ಟು ಹೋಗಲಿಲ್ಲ, ಅಭ್ಯಾಸವೂ ಬಿಟ್ಟು ಹೋಗಲಿಲ್ಲ. ಕೈಚೀಲದಲ್ಲಿ ಕನ್ನಡಕದ ಪಕ್ಕ ಪುಟ್ಟದೊಂದು ತಕ್ಕಡಿ ಈಗಲೂ ಇರುತ್ತದೆ. ತಂಗಿಯ ಮಗ ಏನು ಮಾಡಿಕೊಂಡಿದ್ದಾನೆ ಎಂದು ಯಾರಾದರೂ ಕೇಳಿದರೆ, "ಹೋಟೆಲ್ ಲೈನಿನಲ್ಲಿದ್ದಾನೆ" ಎಂದು ಮಾತು ತೇಲಿಸಿಬಿಡುತ್ತಿದ್ದರು. ಅವನ ಮೇಲೆ ಆರೋಪ ಬಂದ ದಿನ ಮಾತ್ರ ರೆಸ್ಟೋರೆಂಟಿನ ಯಜಮಾನರ ಎದುರು ನಿಂತು, "ನನ್ನ ತಂಗಿ ಮಗ ಜಾದೂಗಾರ ಸ್ವಾಮಿ, ಕಳ್ಳ ಅಲ್ಲ," ಎಂದಿದ್ದರು. ಜಾದೂಗಾರ ಎಂಬ ಪದ ಅವರ ಬಾಯಿಂದ ಹೊರಟಿದ್ದು ಅದೇ ಮೊದಲು.

"ಕೇಳು. ಅವತ್ತು ಹೇಗೆ ಕೇಳಿದ್ಯೋ ಹಾಗೇ."

"ಮೇಡಂ, ಒಂದೇ ನಿಮಿಷ ನಿಮ್ಮ ಉಂಗುರ ನನಗೆ ಕೊಡ್ತೀರಾ?"

ಮೇಡಂ ಮಡಿಸಿದ ನ್ಯಾಪ್‌ಕಿನ್ನಿನಿಂದ ಉಂಗುರ ತೆಗೆದು ಅವನ ಬೆರಳುಗಳ ತುದಿಗೆ ಕೊಟ್ಟರು. ಅವನು ಅದನ್ನು ಎತ್ತಿ ತೋರಿಸಿ, ಮುಷ್ಟಿಯೊಳಗೆ ಹಾಕಿಕೊಂಡು, ಎದುರಿನ ಖಾಲಿ ಕುರ್ಚಿಯಲ್ಲಿ ಡಾಕ್ಟರಮ್ಮನೇ ಕೂತಿದ್ದಾರೇನೋ ಎಂಬಂತೆ ನೋಡಿ ನಕ್ಕ. "ಗಟ್ಟಿಯಾಗಿ ಹಿಡ್ಕೊಂಡಿದೀನಿ, ನೋಡ್ತಾ ಇರಿ." ಮುಷ್ಟಿ ಬಿಚ್ಚಿದ. ಕೈ ಖಾಲಿ.

ಇದರ ಗುಟ್ಟನ್ನು ಅವನು ಗುರುವಾರ ಬಾಯಿ ಬಿಟ್ಟಿದ್ದ. ಕೋಟಿನ ಒಳಗೆ, ಸೊಂಟದ ಮೂಳೆಯ ಮೇಲೆ, ಚರ್ಮದ ಕೀಲಿಕೈ ಪರ್ಸು. ಪರ್ಸಿನಲ್ಲಿ ಸ್ಪ್ರಿಂಗು, ಸ್ಪ್ರಿಂಗಿಗೆ ಸುತ್ತಿದ ಕಪ್ಪು ದಾರ, ದಾರದ ತುದಿಗೆ ಕೊಕ್ಕೆ. ಬೆರಳು ಸಡಿಲಿಸಿದರೆ ಉಂಗುರ ತೋಳಿನ ಹಿಂದಿನಿಂದ ಸರ್ರನೆ ಹೋಗಿ ಪರ್ಸಿನೊಳಗೆ ಕೀಲಿಕೈಗಳ ಪಕ್ಕ ನೇತುಬೀಳುತ್ತದೆ. ಹೇಳುವಾಗ, "ಗುರುಗಳಿಗೆ ಮಾತು ಕೊಟ್ಟಿದೀನಿ ದೊಡ್ಡಮ್ಮ, ಯಾರಿಗೂ ಹೇಳಲ್ಲ ಅಂತ," ಎಂದು ಗೋಳಾಡಿದ್ದ. "ಹೆದರ್ಬೇಡ, ನಿಮ್ಮ ಗುರುಗಳಿಗೆ ಪೈಪೋಟಿಯಾಗಿ ನಾನೇನೂ ಅಂಗಡಿ ತೆಗೆಯಲ್ಲ," ಎಂದಿದ್ದರು ಮೇಡಂ.

ಈಗ ಅವನು ಮಾಮೂಲಿನಂತೆ ಪರ್ಸಿಗೆ ಕೈ ಹಾಕಬೇಕಿತ್ತು. ಹಾಕಲಿಲ್ಲ. ಕೈ ಸೊಂಟದ ಹತ್ತಿರ ಹೋಗಿ ಅಲ್ಲೇ ನಿಂತಿತು. ಮುಖದ ಮೇಲಿನ ನಗು ಬಣ್ಣ ಕಳೆದುಕೊಂಡಿತು.

"ಏನಾಯ್ತು?"

"ದಾರ ಕಡೀತು ಅನ್ನಿಸುತ್ತೆ. ಉಂಗುರ ಬಂದು ತಾಗ್ಲೇ ಇಲ್ಲ."

"ಪರ್ಸು ತೆಗಿ."

ತೆಗೆದ. ಕೊಕ್ಕೆಯಲ್ಲಿ ಉಂಗುರ ಇತ್ತು.

"ತಾಗ್ಲಿಲ್ಲ ಅಂದ್ಯಲ್ಲ, ಏನು ತಾಗ್ಲಿಲ್ಲ?"

"ಸೊಂಟದ ಮೂಳೆಗೆ. ಉಂಗುರ ಪರ್ಸಿಗೆ ಬಂದು ಬಿದ್ದಾಗ ಟಣ್ ಅಂತ ಒಂದು ಏಟು ಬೀಳುತ್ತೆ. ಅದು ಬಿದ್ರೇನೇ ಕೆಲಸ ಆಯ್ತು ಅಂತ ನನಗೆ ಗೊತ್ತಾಗೋದು. ಆ ಕಡೆ ನೋಡೋ ಹಾಗಿಲ್ವಲ್ಲ." ಅವನು ಕೊಕ್ಕೆಯಿಂದ ಉಂಗುರ ಬಿಡಿಸಿ ಅಂಗೈ ಮೇಲೆ ಆಡಿಸಿದ. "ದೊಡ್ಡಮ್ಮ, ಇದು ಯಾವ ಉಂಗುರ?"

"ಬಳೆ ಅಂಗಡೀದು. ಉಕ್ಕು, ಮೇಲೆ ಚಿನ್ನದ ಬಣ್ಣ. ಹನ್ನೊಂದು ಸಲ ಕೊಟ್ಟಿದ್ದು ನನ್ನ ಚಿನ್ನದುಂಗುರ. ಹನ್ನೆರಡನೇ ಸಲಕ್ಕೆ ಇದು." ಮೇಡಂ ಕೈಚೀಲದಿಂದ ತಕ್ಕಡಿ ತೆಗೆದು ಎರಡನ್ನೂ ಎರಡು ತಟ್ಟೆಗೆ ಹಾಕಿದರು. ಚಿನ್ನದ ಕಡೆ ಸೀದಾ ಕೆಳಗಿಳಿಯಿತು. "ಗಾತ್ರ ಒಂದೇ. ತೂಕ ಅರ್ಧಕ್ಕೂ ಕಡಿಮೆ. ಈಗ ಹೇಳು, ಭಾನುವಾರ ಏಟು ಬಿತ್ತಾ?"

ಜಾದೂಗಾರ ಕುರ್ಚಿ ಎಳೆದುಕೊಂಡು ಕೂತ. ನಿಂತೇ ಕೆಲಸ ಮಾಡುವವನು ಅವನು, ಆ ಕೋಣೆಯಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಬೀಳ್ಲಿಲ್ಲ," ಎಂದ. "ಅವತ್ತೂ ದಾರ ಕಡೀತು ಅಂದ್ಕೊಂಡೆ. ಪರ್ಸು ತೆಗೆದು ನೋಡಿದ್ರೆ ಉಂಗುರ ಇತ್ತು. ಅಬ್ಬಾ, ಬದುಕಿದೆ ಅಂದ್ಕೊಂಡು ಮುಂದಿನ ಟೇಬಲಿಗೆ ಹೋದೆ. ಆಮೇಲೆ ಅದು ತಲೇಲೇ ಉಳೀಲಿಲ್ಲ."

"ಅದು ನಿಜ ಮೇಡಂ," ಎಂದ ಉದ್ದಣ್ಣ.

ಉದ್ದಣ್ಣ ಎಂದರೆ ಇಲ್ಲಿಯ ಹಿರಿಯ ವೇಟರ್. ಬಾಗಿಲ ಚೌಕಟ್ಟಿಗೆ ತಲೆ ತಾಗದಿರಲೆಂದು ಬಗ್ಗಿ ಬಗ್ಗಿ, ಬಾಗಿಲಿಲ್ಲದ ಕಡೆಯೂ ಬಗ್ಗಿಯೇ ನಡೆಯುವ ಮನುಷ್ಯ. ಚಮಚ ಒರೆಸುತ್ತ ಇಷ್ಟು ಹೊತ್ತೂ ಪಕ್ಕದಲ್ಲೇ ಇದ್ದ.

"ನಾನು ಸೂಪು ಹಿಡ್ಕೊಂಡು ಹಿಂದೆ ನಿಂತಿದ್ದೆ. ಇವನ ಮುಖ ಒಂದು ಕ್ಷಣ ಈಗಿನ ಹಾಗೇ ಹುಳ್ಳಗಾಗಿತ್ತು. ಜ್ವರ ಏನಾದ್ರೂ ಬಂತಾ ಅಂದ್ಕೊಂಡೆ."

ಅಂದರೆ ಡಾಕ್ಟರಮ್ಮ ಬೆರಳಿಂದ ಬಿಚ್ಚಿ ಕೊಟ್ಟದ್ದೇ ಹಗುರ ಉಂಗುರ. ನಕಲಿ ಅದಾಗಲೇ ಅವರ ಕೈಯಲ್ಲಿತ್ತು. ಮೇಡಂಗೆ ಒಳಗೊಳಗೇ ಹಿಗ್ಗಾಯಿತು. ಆದರೆ ಹಿಗ್ಗನ್ನು ತೋರಿಸುವ ಜಾಯಮಾನ ಅವರದಲ್ಲ.

"ನಿನ್ನ ಸೊಂಟದ ಮೂಳೆಯನ್ನ ಸಾಕ್ಷಿಗೆ ಕರೆದುಕೊಂಡು ಹೋಗಕ್ಕಾಗಲ್ಲ," ಎಂದರು. "ಉಂಗುರ ಕೊಡಿ ಅಂತ ಮೊದಲು ಅಂದೋರು ಯಾರು? ನೀನಾ?"

"ನಾನಲ್ಲ. ಅವರ ಅಳಿಯ. ನಾನು ಮಗಳ ಗಡಿಯಾರ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ಅವರು, ಅತ್ತೆ, ನಿಮ್ಮ ಉಂಗುರ ಕೊಡಿ, ನೋಡೋಣ ಅಂದ್ರು."

"ತಗೊಂಡುಬಿಟ್ಯಾ?"

ಜಾದೂಗಾರ ತಲೆ ತಗ್ಗಿಸಿದ. ಅವನ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ: ತಾನಾಗಿ ಮುಂದೆ ಬಂದ ವಸ್ತುವನ್ನು ಮುಟ್ಟಬಾರದು, ಯಾರ ಯಾವ ವಸ್ತು ಎಂದು ತಾನೇ ಆರಿಸಬೇಕು. ಕೊಡಲು ಆತುರಪಡುವವನ ಮನಸ್ಸಿನಲ್ಲಿ ಏನೋ ಇರುತ್ತದೆ ಎಂದು ಅವನ ಗುರುಗಳು ಹೇಳಿಕೊಟ್ಟಿದ್ದರು. "ಹುಟ್ಟುಹಬ್ಬದ ಊಟ, ಆಗಲ್ಲ ಅಂದ್ರೆ ಮುಖ ಮುರಿದ ಹಾಗಾಗುತ್ತೆ ಅಂತ ತಗೊಂಡೆ," ಎಂದ. "ಡಾಕ್ಟರಮ್ಮ ತಿರುಗಿಸಿ ತಿರುಗಿಸಿ ಕಷ್ಟಪಟ್ಟು ಬಿಚ್ಚಿದ್ರು."

ಮೇಡಂ ನೋಟ್ ಪುಸ್ತಕ ತೆಗೆದರು. ನಿನ್ನೆ ಡಾಕ್ಟರಮ್ಮನ ಒಪ್ಪಿಗೆ ಪಡೆದು ನಕಲಿ ಉಂಗುರವನ್ನು ಅಳೆದು ಬರೆದುಕೊಂಡದ್ದು ಅದರಲ್ಲಿತ್ತು. ಎರಡು ವರ್ಷದ ಹಿಂದೆ ಬೆರಳಿಗೆ ಸರಿಮಾಡಿಸಿದಾಗ ಅಂಗಡಿಯವನು ಕೊಟ್ಟ ಚೀಟಿಯ ಪ್ರಕಾರ ಅಸಲಿಯ ಒಳಗಿನ ಅಗಲ ಹದಿನೇಳೂವರೆ ಮಿಲಿಮೀಟರ್. ನಕಲಿಯದು ಅದಕ್ಕಿಂತ ಕಾಲು ಮಿಲಿಮೀಟರ್ ಕಡಿಮೆ. ಒಳಗೆ ಕೆತ್ತಿದ್ದ ಎರಡು ಅಕ್ಷರ ನಕಲಿಯಲ್ಲೂ ಇವೆ, ಅಂಚು ಮಾತ್ರ ಸವೆದ ಸೋಪಿನ ಹಾಗೆ ಮೊಂಡಾಗಿವೆ. ಅಂಗಡಿಯವನು ಅರದಿಂದ ಉಜ್ಜಿದ ಜಾಗದಲ್ಲಿ ಲೋಹ ಬೆಳ್ಳಗಿದೆ.

ತೂಕದ ಬಟ್ಟು ಎರಕ ಹೊಯ್ಯುವ ಕಾರ್ಖಾನೆಗಳನ್ನು ಮೇಡಂ ಎಷ್ಟು ಸುತ್ತಿಲ್ಲ? ಕಾದ ಲೋಹ ಆರುವಾಗ ಕುಗ್ಗುತ್ತದೆ. ಹಾಗಾಗಿ ಅಚ್ಚನ್ನು ಒಂದು ಕೂದಲೆಳೆ ದೊಡ್ಡದಾಗಿಯೇ ಮಾಡುತ್ತಾರೆ. ಈ ಉಂಗುರ ಮಾಡಿದವನು ಅಸಲಿಯನ್ನೇ ಒತ್ತಿ ಅಚ್ಚು ತೆಗೆದಿದ್ದಾನೆ, ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇಷ್ಟು ಸಣ್ಣದನ್ನು ಬಿಳಿ ಲೋಹದಲ್ಲಿ ಎರಕ ಹೊಯ್ಯುವವರು ಯಾರು?

"ಆ ಅಳಿಯ ಏನು ಕೆಲಸ ಮಾಡ್ತಾರೆ? ಯಾರಿಗಾದ್ರೂ ಗೊತ್ತಾ?"

ಜಾದೂಗಾರ ಇಸ್ಪೀಟಿನ ಕಟ್ಟನ್ನು ಕೈಯಲ್ಲಿ ಕಲಸುತ್ತಿದ್ದ. ಒಂದು ಎಲೆ ಜಾರಿ ನೆಲಕ್ಕೆ ಬಿತ್ತು. ಅವನು ಬಗ್ಗಿ ಎತ್ತಿಕೊಂಡ.

"ನನಗೆ ಗೊತ್ತು ಮೇಡಂ," ಎಂದ ಉದ್ದಣ್ಣ. "ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದಿನ ರೂಮಿನಲ್ಲಿ ಹಲ್ಲಿನ ಟೋಪಿ ಮಾಡ್ತಾರೆ. ನಂದೂ ಅವರೇ ಮಾಡಿದ್ದು." ಬಗ್ಗಿ, ಬಾಯಿ ಅಗಲಿಸಿ, ಬೆರಳಿನಿಂದ ಕೆನ್ನೆ ಎಳೆದು ತೋರಿಸಿದ. ದವಡೆಯ ಕೊನೆಯ ಹಲ್ಲಿನ ಮೇಲೆ ಬಿಳಿ ಲೋಹ ಮಿಂಚಿತು.

ಮೇಡಂ ಕನ್ನಡಕ ಏರಿಸಿಕೊಂಡು ಆ ಹಲ್ಲನ್ನು ಎಷ್ಟು ಹೊತ್ತು ನೋಡಿದರೆಂದರೆ ಉದ್ದಣ್ಣನಿಗೆ ದವಡೆ ನೋಯಿತು.

"ಬಾಯಿ ಮುಚ್ಚಪ್ಪ. ಸಾಕು." ಅವರು ತಂಗಿಯ ಮಗನ ಕಡೆ ತಿರುಗಿದರು. "ಈ ಜನರನ್ನ ನೀನು ಮುಂಚೆ ಎಲ್ಲಾದ್ರೂ ನೋಡಿದ್ಯಾ?"

"ಇಲ್ಲ ದೊಡ್ಡಮ್ಮ. ಮೂರು ಜನರ ಮುಖಾನೂ ನೋಡಿದ್ದು ಅವತ್ತೇ."

ಅವನು ತನ್ನ ಸಾಮಾನು ಜೋಡಿಸಿಕೊಳ್ಳುತ್ತಿದ್ದ. ಇಸ್ಪೀಟು ಎಡಜೇಬಿಗೆ, ನಾಣ್ಯ ಬಲಜೇಬಿಗೆ, ಕೆಂಪು ಸ್ಪಂಜಿನ ಚೆಂಡು ಎದೆಯ ಜೇಬಿಗೆ. ಯಾವ ಜೇಬು ಯಾವುದಕ್ಕೆ ಎಂಬುದು ಒಂದು ದಿನವೂ ಬದಲಾಗುವುದಿಲ್ಲ, ಬದಲಾದರೆ ಟೇಬಲಿನ ಎದುರು ಕೈ ತಡಕಾಡುತ್ತದೆ. ಕೊನೆಯಲ್ಲಿ ಉಳಿದದ್ದು ಚರ್ಮದ ಬಣ್ಣದ ಒಂದು ಟೊಳ್ಳು ಹೆಬ್ಬೆರಳು. ಬೆರಳಿನ ಮೇಲೆ ತೊಟ್ಟರೆ ಒಳಗೆ ಒಂದು ರೇಷ್ಮೆ ಚೂರು ಬಚ್ಚಿಡಬಹುದು. ಮೇಡಂ ಅದನ್ನು ಎತ್ತಿ ನೋಡಿದರು. ಉಗುರಿನ ಕೆಳಗೆ ಓರೆಯಾದ ಗಾಯದ ಗೆರೆ ಕೂಡ ಇತ್ತು. ಏಳು ವರ್ಷದವನಿದ್ದಾಗ ಕಿಟಕಿಯ ಬಾಗಿಲಿಗೆ ಸಿಕ್ಕಿಸಿಕೊಂಡದ್ದು. ಆವತ್ತು ಆ ಬೆರಳಿಗೆ ಪಟ್ಟಿ ಕಟ್ಟಿ, ಅಳು ನಿಲ್ಲುವವರೆಗೆ ಮಡಿಲಲ್ಲಿ ಕೂರಿಸಿಕೊಂಡವರು ಅವರೇ.

"ಗಾಯದ ಸಮೇತ ಮಾಡಿದ್ದಾರಲ್ಲೋ. ಎಲ್ಲಿ ಮಾಡಿಸಿದೆ?"

"ಗೊತ್ತಿರೋರೊಬ್ಬರ ಹತ್ರ. ಅಂಗಡೀಲಿ ಸಿಗೋದು ನನಗೆ ಸಡಿಲ ಆಗುತ್ತೆ." ಅವನು ಅದನ್ನು ಅವರ ಕೈಯಿಂದ ತೆಗೆದುಕೊಂಡು ತೊಟ್ಟುಕೊಂಡ. "ಇದನ್ನ ಹಾಕ್ಕೊಂಡಾಗ ನಾನು ಈ ಕೈ ನೋಡೋದೇ ಇಲ್ಲ ದೊಡ್ಡಮ್ಮ. ನಾನು ಎಲ್ಲಿ ನೋಡ್ತೀನೋ ಜನ ಅಲ್ಲೇ ನೋಡ್ತಾರೆ. ಇಡೀ ವಿದ್ಯೆ ಅಷ್ಟೇ."

ಮೇಡಂ ನಕ್ಕು ಕೈಚೀಲ ಎತ್ತಿಕೊಂಡರು. ಅವರ ಮನಸ್ಸು ಆಗಲೇ ಕ್ಲಿನಿಕ್ಕಿನ ಹಿಂದಿನ ರೂಮಿಗೆ ಹೋಗಿಯಾಗಿತ್ತು.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಯಾರದೋ ಬಾಯೊಳಗೆ ಕನ್ನಡಿ ಇಟ್ಟುಕೊಂಡು ಬಗ್ಗಿದ್ದರು. ಕೈಗೆ ಗ್ಲೌಸು. ವಾಶ್‌ಬೇಸಿನ್ನಿನ ಪಕ್ಕ ಒಂದು ಪುಟ್ಟ ಸ್ಟೀಲ್ ಬಟ್ಟಲು ಖಾಲಿ ಕೂತಿತ್ತು. ರೋಗಿಗಳನ್ನು ನೋಡುವಾಗ ಉಂಗುರ ಬಿಚ್ಚಿ ಅದರಲ್ಲೇ ಇಡುತ್ತಿದ್ದೆ ಎಂದು ನಿನ್ನೆ ಅವರೇ ತೋರಿಸಿದ್ದರು. ತಮ್ಮ ತಾಯಿಯ ಉಂಗುರ ಅದು.

"ಒಂದೇ ಪ್ರಶ್ನೆ ಡಾಕ್ಟರೇ. ಉಂಗುರ ಬಿಗಿ ಆಗಿದೆ ಅಂತ ಅಂಗಡಿಗೆ ಹೋದ್ರಲ್ಲ, ಬಿಗಿ ಅನ್ನಿಸಿದ್ದು ಯಾವತ್ತಿಂದ?"

ಡಾಕ್ಟರಮ್ಮ ಕನ್ನಡಿ ತೆಗೆಯದೆ ಯೋಚಿಸಿದರು. ಕುರ್ಚಿಯಲ್ಲಿದ್ದ ರೋಗಿಯೂ ಬಾಯಿ ತೆರೆದುಕೊಂಡು ಯೋಚಿಸಿದ.

"ಭಾನುವಾರ ಬೆಳಿಗ್ಗೆ. ಸ್ನಾನ ಆದಮೇಲೆ ಹಾಕ್ಕೊಳ್ಳೋಕೆ ಹೋದ್ರೆ ಹತ್ತಲಿಲ್ಲ. ಸೋಪು ಹಚ್ಚಿ ಏರಿಸಿದೆ. ದಪ್ಪ ಆಗಿದೀನಿ ಅಂತ ಮಗಳು ಆಡ್ಕೊಂಡಳು."

"ಶನಿವಾರ?"

"ಶನಿವಾರ ಇಡೀ ದಿನ ಇಲ್ಲೇ ಹಾಕಿ ತೆಗೆದು ಮಾಡಿದೀನಿ. ಏನೂ ಅನ್ನಿಸಿರಲಿಲ್ಲ. ರಾತ್ರಿ ಬಟ್ಟಲಿಂದ ತೆಗೆದು ಹಾಗೇ ಬ್ಯಾಗಿಗೆ ಹಾಕ್ಕೊಂಡು ಮನೆಗೆ ಹೋದೆ." ಅವರು ತಲೆ ಎತ್ತಿದರು. "ಯಾಕೆ ಮೇಡಂ?"

"ಆಮೇಲೆ ಹೇಳ್ತೀನಿ. ಪಾಪ, ಅವರ ಬಾಯಿ ನೋಡಿ."

ಹಿಂದಿನ ರೂಮಿಗೆ ಹೋಗುವ ಓಣಿಯಷ್ಟಗಲದ ದಾರಿಯಲ್ಲಿ ತಕ್ಕಡಿ ಮೇಡಂ ಒಂದು ಕ್ಷಣ ನಿಂತು ಉಸಿರು ಬಿಟ್ಟರು. ಅದಲುಬದಲಾದದ್ದು ಶನಿವಾರ ಸಂಜೆ, ಈ ಕ್ಲಿನಿಕ್ಕಿನಲ್ಲಿ. ಜಾದೂಗಾರ ಉಂಗುರ ಮುಟ್ಟಿದ್ದು ಭಾನುವಾರ ಮಧ್ಯಾಹ್ನ. ಹುಡುಗ ಗೆದ್ದ. ಸಂಜೆ ತಂಗಿಗೆ ಫೋನ್ ಮಾಡಿ, ಮೂರು ದಿನದಿಂದ ಸರಿಯಾಗಿ ಉಂಡಿಲ್ಲ ನೀನು, ಇವತ್ತು ಹೊಟ್ಟೆತುಂಬ ಉಣ್ಣು ಎಂದು ಹೇಳಬೇಕು ಅಂದುಕೊಂಡರು.

ಅಳಿಯ ಎತ್ತರದ ಬೆಂಚಿನ ಎದುರು ಕೂತು, ಸಣ್ಣ ಉರಿಯ ಮೇಲೆ ಹಿಡಿದ ಚೂರಿಯಿಂದ ಮೇಣದ ಹಲ್ಲೊಂದನ್ನು ತಿದ್ದುತ್ತಿದ್ದ. ಗೋಡೆಗೆ ಉದ್ದಕ್ಕೂ ಶೆಲ್ಫು. ಶೆಲ್ಫಿನ ತುಂಬ ಪ್ಲಾಸ್ಟರಿನ ದವಡೆಗಳು, ಸಾಲುಸಾಲಾಗಿ, ನಗುತ್ತಿರುವವರ ಹಾಗೆ. ರೂಮಿನಲ್ಲಿ ಸು‍ಟ್ಟ ಮೇಣದ ವಾಸನೆ ಇತ್ತು.

"ಕೂತ್ಕೊಳ್ಳಿ ಮೇಡಂ," ಎಂದು ಅವನು ಸ್ಟೂಲ್ ತೋರಿಸಿದ. ಬರುತ್ತಾರೆಂದು ಗೊತ್ತಿದ್ದವನ ಹಾಗಿತ್ತು ಅವನ ದನಿ.

ಮೇಡಂ ಕೂತರು. ಸುತ್ತಿಬಳಸಲಿಲ್ಲ. "ನಿಮ್ಮ ಅತ್ತೆಯವರ ಉಂಗುರಕ್ಕೆ ಅಚ್ಚು ತೆಗೆದವರು ನೀವು."

ಚೂರಿ ನಿಲ್ಲಲಿಲ್ಲ. "ಹೌದು."

ಇಷ್ಟು ಸುಲಭವಾಗಿ ಹೌದು ಬಂದದ್ದು ಮೇಡಂಗೆ ಹಿಡಿಸಲಿಲ್ಲ. ಹೆದರಿದ ಅಂಗಡಿಯವನು ಮೊದಲು ಇಲ್ಲ ಎನ್ನುತ್ತಾನೆ. ಇದು ಅವರ ಮೂವತ್ತೊಂದು ವರ್ಷದ ಅನುಭವ.

"ಯಾಕೆ ತೆಗೆದ್ರಿ?"

"ಅತ್ತೆ ದಿನಕ್ಕೆ ಇಪ್ಪತ್ತು ಸಲ ಅದನ್ನ ಬಿಚ್ಚಿ ಆ ಬಟ್ಟಲಿಗೆ ಹಾಕ್ತಾರೆ. ಬರೋರು ಹೋಗೋರು ಎಲ್ಲಾ ಅಲ್ಲೇ ಕೈ ತೊಳೀತಾರೆ. ಒಂದಲ್ಲ ಒಂದು ದಿನ ಹೋಗುತ್ತೆ ಅಂತ ನನಗೆ ಭಯ ಇತ್ತು. ನಕಲು ಒಂದು ಮಾಡಿ ಹುಟ್ಟುಹಬ್ಬಕ್ಕೆ ಕೊಡೋಣ, ಅಸಲು ಬೀರುವಿನಲ್ಲಿರಲಿ ಅಂದ್ಕೊಂಡೆ." ಅವನು ಶೆಲ್ಫಿನಿಂದ ಒಂದು ಪ್ಲಾಸ್ಟರಿನ ತುಂಡು ತೆಗೆದು ಬೆಂಚಿನ ಮೇಲೆ ಇಟ್ಟ. ನಡುವೆ ಉಂಗುರದ ಗುಂಡನೆಯ ಗುರುತು. "ನೋಡಿ. ಮುಚ್ಚಿಟ್ಟಿಲ್ಲ."

ಮೇಡಂ ಅದನ್ನು ಎತ್ತಿ ತಿರುಗಿಸಿದರು. ಯಾವ ವಸ್ತು ಕೈಗೆ ಬಂದರೂ ಮೊದಲು ತಳ ನೋಡುವುದು ಅವರ ರೂಢಿ. ಕಳ್ಳ ಬಟ್ಟಿನ ಕಳ್ಳತನವೆಲ್ಲ ತಳದಲ್ಲೇ ಇರುತ್ತದೆ. ತಳದಲ್ಲಿ ಪೆನ್ಸಿಲಿನಲ್ಲಿ ತಾರೀಕು ಬರೆದಿತ್ತು: ಹೋದ ತಿಂಗಳ ಇಪ್ಪತ್ತೊಂದು.

"ಹಾಗಾದ್ರೆ ನಕಲಿ ಅತ್ತೆಯ ಬೆರಳಿಗೆ ಬಂದಿದ್ದು ಹೇಗೆ?"

"ಅದನ್ನ ಇನ್ನೊಬ್ಬರನ್ನ ಕೇಳ್ಬೇಕು. ಹೊಯ್ದು, ಕಲ್ಲು ಕೂರಿಸಿ, ಬಣ್ಣ ಹಾಕಿ ಈ ಶೆಲ್ಫಿನ ಮೇಲೆ ಇಟ್ಟಿದ್ದೆ. ಹೋದ ಶನಿವಾರ ಸಂಜೆ ನೋಡಿದ್ರೆ ಇಲ್ಲ."

"ಯಾರಿಗೂ ಹೇಳ್ಲಿಲ್ವಾ?"

"ಏನಂತ ಹೇಳ್ಲಿ? ನಕಲಿ ಮಾಡಿದೋನು ನಾನು. ಅಳಿಯನ ಮಾತು ಯಾರು ನಂಬ್ತಾರೆ ಮೇಡಂ?"

"ಭಾನುವಾರ ಉಂಗುರ ಕೊಡಿ ಅಂದೋರು ನೀವು."

"ಹೌದು. ಅನುಮಾನ ಇತ್ತು. ಅವನು ಟೇಬಲಿನ ಹತ್ರ ಬಂದು ನಿಂತ, ನನ್ನನ್ನ ಕಂಡೇ ಇಲ್ಲ ಅನ್ನೋ ಹಾಗೆ ಮಾತಾಡಿದ. ಇವನ ಕೈಗೆ ಉಂಗುರ ಕೊಟ್ರೆ ಮುಖ ಹೇಗಾಗುತ್ತೋ ನೋಡೋಣ ಅನ್ನಿಸ್ತು. ಒಂದು ಕ್ಷಣ ಹುಳ್ಳಗಾಯ್ತು."

ಮೇಡಂಗೆ ಮೊದಲು ಅರ್ಥವಾಗಲಿಲ್ಲ. "ಕಂಡೇ ಇಲ್ಲ ಅನ್ನೋ ಹಾಗೆ ಅಂದ್ರೆ?"

ಅಳಿಯ ಮೊದಲ ಸಲ ಚೂರಿ ಕೆಳಗಿಟ್ಟ. ಅವರ ಭುಜದ ಪಕ್ಕದ ಶೆಲ್ಫನ್ನು ಗಲ್ಲದಿಂದಲೇ ತೋರಿಸಿದ. "ನಿಮ್ಮ ಹುಡುಗ ಹೇಳ್ಲಿಲ್ವಾ? ಎರಡು ಸಲ ಬಂದು ಅದೇ ಸ್ಟೂಲ್ ಮೇಲೆ ಕೂತಿದ್ದ. ಮೊದಲ ಸಲ ಅಳತೆ ಕೊಡೋಕೆ. ಎರಡನೇ ಸಲ, ಹೋದ ಶನಿವಾರ ಸಂಜೆ, ಮಾಲು ತಗೊಂಡು ಹೋಗೋಕೆ."

ದವಡೆಗಳ ಸಾಲಿನ ಕೊನೆಯಲ್ಲಿ ಪ್ಲಾಸ್ಟರಿನ ಹೆಬ್ಬೆರಳೊಂದು ನೆಟ್ಟಗೆ ನಿಂತಿತ್ತು. ಉಗುರಿನ ಕೆಳಗೆ ಓರೆ ಗೆರೆ.

ಮೇಡಂ ಅದನ್ನು ಗುರುತಿಸಲು ಕನ್ನಡಕ ಏರಿಸಿಕೊಳ್ಳಬೇಕಾಗಲಿಲ್ಲ. ಎತ್ತಿ ತಳ ತಿರುಗಿಸಿದರು. ಹೋದ ತಿಂಗಳ ಇಪ್ಪತ್ತೊಂದು. ಉಂಗುರದ ಅಚ್ಚು ಮತ್ತು ಈ ಬೆರಳಿನ ಅಚ್ಚು ಒಂದೇ ದಿನ ತೆಗೆದದ್ದು, ಒಂದೇ ಬೆಂಚಿನ ಮೇಲೆ.

ಬೆಳಿಗ್ಗೆ ಟೊಳ್ಳು ಹೆಬ್ಬೆರಳು ಅವರ ಕೈಯಲ್ಲೇ ಇತ್ತು. ಎಲ್ಲಿ ಮಾಡಿಸಿದೆ ಎಂದು ಕೇಳಿದ್ದೂ ಅವರೇ. ಗೊತ್ತಿರೋರೊಬ್ಬರ ಹತ್ರ ಎಂಬ ಉತ್ತರವನ್ನು ಹಾಗೇ ನುಂಗಿದ್ದರು. ಇಸ್ಪೀಟಿನ ಎಲೆ ಕೈಜಾರಿ ಬಿದ್ದದ್ದನ್ನೂ ಕಂಡಿದ್ದರು. ಮೂವತ್ತೊಂದು ವರ್ಷದಲ್ಲಿ ಒಂದು ಬಟ್ಟನ್ನೂ ತಳ ನೋಡದೆ ಬಿಟ್ಟವರಲ್ಲ. ಮನೆಯ ಹುಡುಗನನ್ನು ಮಾತ್ರ ತಿರುಗಿಸಿ ನೋಡಿರಲಿಲ್ಲ. ಅವರಿಗಾದದ್ದು ಸಿಟ್ಟಲ್ಲ, ನೋವು.

ಕೈಚೀಲದಲ್ಲಿ ಫೋನ್ ಅದುರಿತು. ಅವನೇ.

"ದೊಡ್ಡಮ್ಮ, ಸಿಕ್ಕಿದ್ರಾ ಅವರು?" ಅವನ ಹಿಂದೆ ತಟ್ಟೆಗಳ ಸದ್ದು, ಮಧ್ಯಾಹ್ನದ ಗಿರಾಕಿಗಳ ಮಾತು. "ನನ್ನ ಬಗ್ಗೆ ಏನಾದ್ರೂ ಅಂದ್ರಾ?"

ಮೇಡಂ ಬಲಗೈಯಲ್ಲಿದ್ದ ಬೆರಳನ್ನು ನೋಡಿದರು. ಏಳು ವರ್ಷದ ಹುಡುಗನ ಅಳು ಕಿವಿಯಲ್ಲಿ ಕೇಳಿಸಿತು.

"ಇಲ್ಲ ಕಣೋ," ಎಂದರು. "ಏನೂ ಅನ್ನಲಿಲ್ಲ. ಸಂಜೆ ಮನೆಗೆ ಬಾ."

ಫೋನ್ ಇಟ್ಟರು. ಸುಳ್ಳು ಹೇಳಿಯಾಗಿತ್ತು. ಇನ್ನುಳಿದದ್ದನ್ನು ಕೈ ತಾನಾಗಿಯೇ ಮಾಡಿತು. ಬೆಂಚಿನ ಮೇಲಿದ್ದ ಉಂಗುರದ ಅಚ್ಚನ್ನು ಎಡಗೈಯಲ್ಲಿ ಬೆಳಕಿಗೆ ಹಿಡಿದು, ಕಣ್ಣು ಕಿರಿದಾಗಿಸಿ, ಅದನ್ನೇ ನೋಡಿದರು. "ಇಲ್ಲೊಂದು ಬಿರುಕಿದೆಯಲ್ಲ, ಇದು ಮೊದಲೇ ಇತ್ತಾ?"

ಅಳಿಯ ಬಗ್ಗಿ ಅವರು ನೋಡಿದ ಕಡೆಯೇ ನೋಡಿದ. ಬಲಗೈಯನ್ನು ಮೇಡಂ ನೋಡಲಿಲ್ಲ. ಪ್ಲಾಸ್ಟರಿನ ಹೆಬ್ಬೆರಳು ಕೈಚೀಲದೊಳಗೆ ಜಾರಿ ತಕ್ಕಡಿಯ ತಟ್ಟೆಯ ಮೇಲೆ ಕೂತಿತು. ಸದ್ದು ಕೂಡ ಆಗಲಿಲ್ಲ.

"ಬಿರುಕಲ್ಲ ಅದು, ಗಾಳಿಗುಳ್ಳೆ," ಎಂದ ಅಳಿಯ.

"ಹೌದಾ. ಸರಿ." ಮೇಡಂ ಅಚ್ಚನ್ನು ಇಟ್ಟು ಎದ್ದರು. ಬಾಗಿಲಿಗೆ ನಾಲ್ಕು ಹೆಜ್ಜೆ. ಮೂರು ಹೆಜ್ಜೆ ಇಟ್ಟಿದ್ದರು.

"ಮೇಡಂ." ಅಳಿಯ ಮತ್ತೆ ಚೂರಿಯನ್ನು ಉರಿಗೆ ಹಿಡಿದಿದ್ದ, ತಲೆ ಎತ್ತಲಿಲ್ಲ. "ಹೆಬ್ಬೆರಳಿನ ಅಚ್ಚು ನಾನು ಯಾವಾಗಲೂ ಎರಡು ತೆಗೀತೀನಿ. ಒಂದನ್ನ ನಿನ್ನೆ ಸ್ಟೇಷನ್ನಿಗೆ ಕೊಟ್ಟು ಬಂದೆ. ಇನ್ನೊಂದು ಈ ಶೆಲ್ಫಿನ ಮೇಲಿದೆ ಅಂತ ಬರೆಸಿಕೊಂಡಿದ್ದಾರೆ."

ಹೊರಗಿನ ಬಾಗಿಲ ಗಂಟೆ ಬಾರಿಸಿತು.

"ಅದನ್ನ ತಗೊಂಡು ಹೋಗೋಕೆ ಹೆಡ್ ಕಾನ್ಸ್‌ಟೇಬಲ್ ಬಂದ್ರು ಅನ್ನಿಸುತ್ತೆ."